ಕಾಲಿದ್ದಷ್ಟು ಹಾಸಿಗೆ ಹೊಲಿಯುವ ತುಂಡಕ್ಕ

ದರ್ಜಿಗಳ ಬೀದಿಯಲ್ಲಿ ದೀಪದ ಕಂಬಗಳು ಇನ್ನೂ ಉರಿಯುತ್ತಿವೆ. ಅಂಗಡಿಗಳ ಷಟರ್‌ಗಳು ಒಂದೊಂದಾಗಿ ಕಿರುಗುಟ್ಟಿ ಮೇಲೇಳುವ ಹೊತ್ತು. ಕಸದ ಗಾಡಿಗಿಂತ ಮೊದಲೇ ಮುಟ್ಟಬೇಕೆಂದು, ಹೆಗಲಿಗೆ ಖಾಲಿ ಚೀಲ ಹಾಕಿಕೊಂಡು ಬಿರಬಿರನೆ ಬರುವ ಹೆಂಗಸಿನ ಬಾಯಲ್ಲಿ ಪ್ರತಿ ಬಾಗಿಲಿಗೂ ಒಂದೇ ಮಾತು: "ಅಣ್ಣಾ, ತುಂಡಿದ್ಯಾ?" ಕೇಳಿ ಕೇಳಿ ಬೀದಿಯವರು ಅವರಿಗೆ ತುಂಡಕ್ಕ ಎಂದೇ ಹೆಸರಿಟ್ಟಿದ್ದಾರೆ. ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆದರೆ ಈಗ ಅವರೇ ತಿರುಗಿ ನೋಡುವುದಿಲ್ಲ.

ಬೀದಿಯ ಕೊನೆಗೆ ಕೋಟು ಹೊಲಿಯುವ ಮಾಸ್ಟರ್ ಅಂಗಡಿ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ. ಇಲ್ಲಿ ಮಾತ್ರ ದಿನಾ ಒಂದು ಶಾಸ್ತ್ರ ನಡೆಯುತ್ತದೆ. ತುಂಡಕ್ಕ ಒಂದೊಂದು ಚೂರನ್ನೂ ಎತ್ತಿ ತೋರಿಸಬೇಕು, ಮಾಸ್ಟರ್ ಕನ್ನಡಕದ ಮೇಲಿಂದ ನೋಡಿ "ತುಂಡು" ಎನ್ನಬೇಕು. ಆಮೇಲಷ್ಟೇ ಅದು ಚೀಲಕ್ಕೆ ಬೀಳುವುದು. "ತುಂಡು... ತುಂಡು... ಹೂಂ, ಅದೂ ತುಂಡೇ, ನಡಿ." ಈ ಶಾಸ್ತ್ರ ಹುಟ್ಟಿದ್ದಕ್ಕೆ ಕಾರಣ ಚೂರುಬಟ್ಟೆ ಜೋಡಿಸಿ ಹೊಲಿದ ಒಂದು ಕೌದಿ. ಅದರ ಕತೆಗೆ ಮೊದಲು ಈ ಚೀಲ ಹೋಗಿ ಸೇರುವ ಮನೆಯನ್ನು ನೋಡಬೇಕು.

ಗಂಡನ ಸೈಕಲ್ ರಿಪೇರಿ ಅಂಗಡಿಯ ಹಿಂದೆ ಒಂದೂವರೆ ಕೋಣೆಯ ಮನೆ. ಆ ಅರ್ಧ ಕೋಣೆ ಪೂರ್ತಿ ಬಟ್ಟೆಯದೇ ಸಾಮ್ರಾಜ್ಯ. ತಂದ ಚೂರುಗಳನ್ನು ತುಂಡಕ್ಕ ಮೊದಲು ಉಪ್ಪುನೀರಿನ ಬಕೆಟ್‌ನಲ್ಲಿ ನೆನೆಹಾಕುತ್ತಾರೆ. "ಬಣ್ಣ ಬಿಡೋದಿದ್ರೆ ಬಕೆಟ್‌ನಲ್ಲೇ ಬಿಡ್ಲಿ. ಹೊದ್ಕೊಂಡೋರ ಮೈಮೇಲೆ ಬೇಡ," ಎನ್ನುತ್ತಾರೆ. ಉಣ್ಣೆ ಬಟ್ಟೆಗೆ ಮಾತ್ರ ನೀರು ತೋರಿಸುವುದಿಲ್ಲ, ಬಿಸಿಲು ತೋರಿಸುತ್ತಾರೆ. ಗುರುತು ಹಾಕಲು ಸೀಮೆಸುಣ್ಣ ಕೊಳ್ಳುವುದಿಲ್ಲ, ಸವೆದು ಎಲೆಯಂತಾದ ಸೋಪಿನ ಚೂರೇ ಸಾಕು. ದಾರಕ್ಕೆ ಹಚ್ಚಲು ಉರಿದುಳಿದ ಮೇಣದಬತ್ತಿ, ಬೆರಳಿಗೆ ಸೂಜಿ ಚುಚ್ಚದಂತೆ ಗಂಡ ಕತ್ತರಿಸಿಕೊಟ್ಟ ಸೈಕಲ್ ಟ್ಯೂಬು. ಒಳಗೆ ತುಂಬಲು ನೆರೆಹೊರೆಯವರ ಹಳೇ ದುಪ್ಪಟಿ, ತೂತುಬಿದ್ದ ಸ್ವೆಟರ್. ದಾರವೂ ಅಷ್ಟೇ, ಹಿಟ್ಟಿನ ಚೀಲಗಳ ಬಾಯಿಯ ಹೊಲಿಗೆ ಬಿಚ್ಚಿ ಸುತ್ತಿಟ್ಟುಕೊಂಡದ್ದು. ದುಡ್ಡು ಕೊಟ್ಟು ತರುವುದು ಸೂಜಿ ಒಂದನ್ನೇ.

"ಅದನ್ನೂ ಇವಳು ಸುಮ್ಮನೆ ಬಿಡ್ತಾಳೆ ಅನ್ಕೊಂಡ್ರಾ? ನನ್ನ ಸಾಣೆಕಲ್ಲಿಗೆ ಉಜ್ಜೀ ಉಜ್ಜೀ ಅರ್ಧ ಸೂಜಿ ಮಾಡಿಟ್ಟಿದಾಳೆ," ಎಂದು ಹೊರಗಿನಿಂದ ಗಂಡ ಒಗ್ಗರಣೆ ಹಾಕುತ್ತಾರೆ.

ಈ ಜುಗ್ಗತನ ಶೋಕಿಗೆ ಬಂದದ್ದಲ್ಲ. ಮದುವೆಯಾದ ಹೊಸತರಲ್ಲಿ ಗಂಡನ ಕೈಮೂಳೆ ಮುರಿದು ಅಂಗಡಿ ಮುಚ್ಚಿತ್ತು. ಹೊಟ್ಟೆಯಲ್ಲಿ ಮಗಳು. ಹುಟ್ಟುವ ಕೂಸಿಗೆ ಹೊದಿಸಲು ಮನೆಯಲ್ಲಿ ಒಂದು ನೆಟ್ಟಗಿನ ಬಟ್ಟೆ ಇರಲಿಲ್ಲ. ಆಗ ದರ್ಜಿ ಬೀದಿಯ ಕಸದಿಂದ ಆಯ್ದು ತಂದ ಚೂರುಗಳಿಂದ ಹುಟ್ಟಿದ್ದು ಮೊದಲ ಕೌದಿ. ಪಕ್ಕದ ಮನೆಯಾಕೆ ನೋಡಿ ನನಗೂ ಒಂದು ಎಂದರು, ಅವರ ನಾದಿನಿ ತನಗೂ ಎಂದರು. ಇವತ್ತು ಊರಿನ ಎಷ್ಟು ಮಂಚಗಳ ಮೇಲೆ ಅವರ ಕೌದಿ ಮಲಗಿದೆಯೋ ಅವರಿಗೇ ಗೊತ್ತಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ನಾನು ಕಾಲಿದ್ದಷ್ಟು ಹಾಸಿಗೆ ಹೊಲಿಯೋಳು," ಎಂದು ನಗುತ್ತಾರೆ. ಸುಳ್ಳಲ್ಲ. ಕೊಳ್ಳಲು ಬಂದವರ ಎತ್ತರವನ್ನು ಗೇಣು ಹಾಕಿ ಅಳೆದೇ ಹೊಲಿಗೆ ಶುರುಮಾಡುವುದು.

ಊರಿಗೆಲ್ಲ ಹೊದಿಸಿದ ತುಂಡಕ್ಕ ಮಾತ್ರ ಹೊದೆಯುವುದು ಅಂಗಡಿಯಿಂದ ತಂದ, ಮೈಗೆ ಚುಚ್ಚುವ ಕಂಬಳಿ. ತನಗೆಂದು ಒಂದು ಕೌದಿ ಶುರುಮಾಡುತ್ತಾರೆ, ಮುಗಿಯುವಷ್ಟರಲ್ಲಿ ಯಾರೋ ಬಂದು "ಅಕ್ಕಾ, ನನ್ನ ಸೊಸೆಗೆ ಇದೇ ಬೇಕು" ಎನ್ನುತ್ತಾರೆ. ಇಲ್ಲ ಎನ್ನುವುದು ಈ ಹೆಂಗಸಿಗೆ ಹುಟ್ಟಿನಿಂದಲೇ ಬಂದಿಲ್ಲ. ಕೈಗೆ ಬಂದದ್ದು ಮೈಗೆ ಬರುವುದೇ ಇಲ್ಲ.

ಕಳೆದ ಚಳಿಗಾಲದಲ್ಲಿ ಅದೂ ಬರುವಂತಿತ್ತು. ಒಂದು ಮುಂಜಾನೆ ಮಾಸ್ಟರ್ ಅಂಗಡಿಯ ಚೂರಿನ ಬುಟ್ಟಿಯಲ್ಲಿ ಕಡುನೀಲಿ ಉಣ್ಣೆ ಬಟ್ಟೆ ಸಿಕ್ಕಿತು. ಬೆಣ್ಣೆಯಂಥ ಬಟ್ಟೆ, ಒಂದೊಂದು ತುಂಡೂ ಮೊಳದುದ್ದ. "ಮಾಸ್ಟ್ರು ಕತ್ತರಿ ತಪ್ಪಿ ಬಿಸಾಕಿರ್ಬೇಕು, ನನ್ನ ಅದೃಷ್ಟ ಖುಲಾಯಿಸ್ತು ಅನ್ಕೊಂಡೆ. ಈ ಸಲ ಯಾರಿಗೂ ತೋರಿಸೋದೇ ಬೇಡ ಅಂತ ಬಾಗಿಲು ಹಾಕ್ಕೊಂಡು ಹೊಲಿದೆ," ಎಂದು ಅವರೇ ಹೇಳುತ್ತಾರೆ.

ಹತ್ತು ದಿನ ಕಳೆದ ಮೇಲೆ ಮಾಸ್ಟರ್ ಏದುಸಿರು ಬಿಡುತ್ತ ಮನೆಬಾಗಿಲಿಗೆ ಬಂದರು. ಹೊಲಿಯಲೆಂದು ಅವರು ಕತ್ತರಿಸಿಟ್ಟಿದ್ದ ಮದುಮಗನೊಬ್ಬನ ಕೋಟು ಕೌದಿಯಾಗಿ ಮಂಚದ ಮೇಲೆ ಅಡ್ಡಡ್ಡ ಮಲಗಿತ್ತು. ಎದೆಯ ಭಾಗ ಒಂದು ಮೂಲೆಯಲ್ಲಿ, ತೋಳು ಇನ್ನೊಂದು ಮೂಲೆಯಲ್ಲಿ, ನಡುವೆ ಯಾರದೋ ಹೂವಿನ ರವಿಕೆ ಚೂರು. ಮದುಮಗನ ಅಣ್ಣ ದೂರದೂರಿನಿಂದ ತಂದುಕೊಟ್ಟ ಬಟ್ಟೆ, ಮತ್ತೆ ಸಿಗುವುದಲ್ಲ. ಮದುವೆಗೆ ಉಳಿದದ್ದು ಒಂದೇ ವಾರ. ಮಾಸ್ಟರ್ ತಲೆಯ ಮೇಲೆ ಕೈಹೊತ್ತು ನೆಲದ ಮೇಲೇ ಕೂತುಬಿಟ್ಟರು.

"ನನ್ನ ಮಾನ ಹೋಯ್ತು ಕಣಮ್ಮ. ನೀನಿನ್ನು ನನ್ನಂಗಡಿ ಮೆಟ್ಟಿಲು ಹತ್ಬೇಡ."

"ಬಯ್ಯೋದು ಆಮೇಲೆ ಬಯ್ರಿ ಮಾಸ್ಟ್ರೇ. ಮೊದ್ಲು ಈ ಕಡೆ ಅಂಚು ಹಿಡ್ಕೊಳ್ಳಿ," ಎಂದ ತುಂಡಕ್ಕ ಹೊಲಿಗೆ ಬಿಚ್ಚತೊಡಗಿದರು.

ಇಲ್ಲಿ ಕಾಪಾಡಿದ್ದು ಅದೇ ಜುಗ್ಗತನ. ಸಿಕ್ಕ ತುಂಡಿಗೆ ತುಂಡಕ್ಕ ಎಂದೂ ಕತ್ತರಿ ತಾಗಿಸುವುದಿಲ್ಲ. ಹೆಚ್ಚಾದದ್ದನ್ನು ಒಳಕ್ಕೆ ಮಡಚಿ ಹೊಲಿಯುತ್ತಾರೆ. ಬಟ್ಟೆ ಹಾಳಾಗುವುದಿಲ್ಲ, ಕೌದಿಗೂ ದಪ್ಪ ಬರುತ್ತದೆ. ಗಂಡನೂ ಸೇರಿ ಮೂವರು ದಿನವಿಡೀ ಕೂತು ಬಿಚ್ಚಿದಾಗ ಕೋಟಿನ ಭಾಗಗಳೆಲ್ಲ ಇಡಿಇಡಿಯಾಗಿ ಹೊರಬಂದವು. ಒಂದು ನೂಲೂ ಕಡಿಮೆಯಿಲ್ಲ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಎಳೆದದ್ದೇ ತಡ, ಸೂಜಿಯ ಗುರುತುಗಳೂ ಮಾಯವಾದವು. ಮದುಮಗ ಆ ಕೋಟು ತೊಟ್ಟು ಮೆರೆದ. ತನ್ನ ಕೋಟು ಹತ್ತು ದಿನ ಕೌದಿಯಾಗಿತ್ತೆಂದು ಅವನಿಗೆ ಇಂದಿಗೂ ಗೊತ್ತಿಲ್ಲ.

ತುಂಡಕ್ಕನ ಪಾಲಿಗೆ ಉಳಿದದ್ದು ಹೂವಿನ ರವಿಕೆ ಚೂರು. ಆ ರಾತ್ರಿ ಅತ್ತರಂತೆ. "ಬಟ್ಟೆ ಹೋಯ್ತು ಅಂತಲ್ಲ. ಅದು ನಂದು ಅಂತ ಮನಸ್ಸಿಗೆ ಬಂದುಬಿಟ್ಟಿತ್ತು ನೋಡಿ, ಅದಕ್ಕೆ."

ಆಮೇಲೂ ಅವರು ಬೀದಿಗೆ ಹೋಗುವುದನ್ನು ಬಿಡಲಿಲ್ಲ. ಮಾಸ್ಟರ್ ಕೋಪವೂ ಇಳಿಯಿತು, ಎತ್ತಿ ತೋರಿಸುವ ಶಾಸ್ತ್ರ ಶುರುವಾಯಿತು. ಹೋದ ತಿಂಗಳು ಒಂದು ಬೆಳಿಗ್ಗೆ ತುಂಡಕ್ಕ ಬುಟ್ಟಿಯಿಂದ ಎತ್ತಿದ್ದು ಮಡಿಕೆ ಮುರಿಯದ ಬಟ್ಟೆ. ಅದೇ ಕಡುನೀಲಿ ಬಣ್ಣ, ಮಂಚದುದ್ದ.

"ಮಾಸ್ಟ್ರೇ, ನೋಡ್ಕೊಳ್ಳಿ. ಇದು ತುಂಡಲ್ಲ, ಇಡೀದು."

ಮಾಸ್ಟರ್ ತಲೆಯೆತ್ತಲಿಲ್ಲ. "ತುಂಡು," ಎಂದರು.

"ಅಯ್ಯೋ, ಕಣ್ಣು ಕಾಣಲ್ವಾ ನಿಮಗೆ?"

"ತುಂಡು ಅಂದ್ನಲ್ಲ! ಅವತ್ತು ಮೇಜು ಖಾಲಿ ಮಾಡೋವಾಗ ಆ ಕೋಟಿನ ಗಂಟನ್ನ ಬುಟ್ಟಿಗೆ ಹಾಕಿದ್ದು ನಾನೇ. ಬಯ್ಸ್ಕೊಂಡಿದ್ದು ನೀನು. ಸುಮ್ನೆ ತಗೊಂಡ್ ಹೋಗು."

ಇಡೀ ಬಟ್ಟೆ ಕೈಗೆ ಬಂದದ್ದು ಬದುಕಿನಲ್ಲಿ ಅದೇ ಮೊದಲು. ಕತ್ತರಿಸಲು ಮನಸ್ಸು ಬಾರದೆ ವಾರಗಟ್ಟಲೆ ಮಂಚದ ಮೇಲೆ ಹರಡಿ ನೋಡಿದ್ದೇ ಬಂತು. ಕೊನೆಗೆ ಉಪಾಯ ಹೊಳೆಯಿತು. ಹಾಗೆಯೇ ಅಡಿಯ ಪದರಕ್ಕೆ, ಮೈಗೆ ತಾಗುವ ಕಡೆಗೆ ಹಾಕಿದರೆ ಕತ್ತರಿಯ ಮಾತೇ ಇಲ್ಲ. ಮೇಲ್ಗಡೆಗೆ ಬೀದಿಯ ಪ್ರತಿ ಅಂಗಡಿಯ ಚೂರು. ನಟ್ಟನಡುವೆ ಆ ಹೂವಿನ ರವಿಕೆ ಚೂರು.

ಈಗ ಬಾಗಿಲ ಬೆಳಕಿನಲ್ಲಿ ಕೂತು ತುಂಡಕ್ಕ ಅದರ ಕೊನೆಯ ಅಂಚನ್ನು ಹೊಲಿಯುತ್ತಿದ್ದಾರೆ. ಸೈಕಲ್ಲಿಗೆ ಗಾಳಿ ಹಾಕಿಸಲು ಬಂದ ಹೆಂಗಸೊಬ್ಬರು ಇಣುಕಿ, ಬಗ್ಗಿ ಮುಟ್ಟಿ ನೋಡುತ್ತಾರೆ.

"ಅಬ್ಬಾ, ಎಷ್ಟು ಮೆತ್ತಗಿದೆ! ಎಷ್ಟಕ್ಕೆ ಕೊಡ್ತೀರಕ್ಕಾ?"

ಹೊರಗೆ ಗಂಡನ ಪಂಪಿನ ಸದ್ದು ನಿಲ್ಲುತ್ತದೆ. ಅವರೂ ಕಿವಿಗೊಟ್ಟಿದ್ದಾರೆ. ತುಂಡಕ್ಕ ಸೂಜಿ ನಿಲ್ಲಿಸಿ ಕೌದಿಯನ್ನು ಮೊಣಕಾಲ ಮೇಲಕ್ಕೆ ಸ್ವಲ್ಪ ಎಳೆದುಕೊಳ್ಳುತ್ತಾರೆ.

"ಬೇರೆ ಹೊಲಿದುಕೊಡ್ತೀನಮ್ಮ. ಇದಕ್ಕೆ ಯಜಮಾನಿ ಇದಾಳೆ."