ಹತ್ತಿಯ ಚಕ್ಕಡಿ ಮತ್ತು ಕಂದೀಲಿನ ಗಾಜು

ಪಕ್ಕದಲ್ಲಿ ಯಾರಾದರೂ ಕಡ್ಡಿ ಗೀರಿದರೆ ನಾನು ಈಗಲೂ ಕುಳಿತಲ್ಲಿಂದ ಎದ್ದುಬಿಡುತ್ತೇನೆ. ನೀವು ನಗಬಹುದು. ಬಿ.ಎ. ಪಾಸಾಗಿದ್ದು ತಲೆ, ಕಾಲುಗಳಲ್ಲವಲ್ಲ.

ಧಾರವಾಡದಿಂದ ನರಗುಂದಕ್ಕೆ ಮರಳುವಾಗ ತರ್ಕವನ್ನೂ ಸಿಗರೇಟನ್ನೂ ಜೊತೆಗೆ ತಂದಿದ್ದೆ. ತರ್ಕವನ್ನು ಸಂಜೆ ಹೊತ್ತು ನೆರೆಮನೆಯ ದೇವಪುತ್ರ ಮಾಸ್ತರರ ಮೇಲೆ ಪ್ರಯೋಗಿಸುತ್ತಿದ್ದೆ. ಅವರು ಕ್ರೈಸ್ತರು. ಶಾಲೆ ಬಿಟ್ಟ ಮೇಲೆ ಕಟ್ಟೆಯ ಮೇಲೆ ಕುಳಿತು ಬೂದಿ ಹಚ್ಚಿ ಕಂದೀಲಿನ ಗಾಜು ತಿಕ್ಕುವುದು ಅವರ ರೂಢಿ.

"ಮಾಸ್ತರ್ರ, ನಿಮ್ಮ ದೇವರ ಮಹಿಮೆ ಎಲ್ಲೈತಿ? ತೋರಸ್ರಿ ನೋಡೂಣು."

"ಯೇಸು ಬದುಕಿದ್ಹಾಂಗ ಬದುಕಿದ್ರ ಕಾಣತೈತ್ರಿ. ಬೆಳಕು ನಮ್ದಲ್ಲ. ಗಾಜು ಒರಸೂದಷ್ಟ ನಮ್ಮ ಕೆಲಸ."

ಇದು ವಾದವೇ ಅಲ್ಲವೆಂದು ತೀರ್ಮಾನಿಸಿ, ಗೆದ್ದವನಂತೆ ಮನೆಗೆ ಬರುತ್ತಿದ್ದೆ. ಚಂದ್ರನಿಗೆ ಸ್ವಂತ ಬೆಳಕಿಲ್ಲವೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನೇ!

ಕನ್ನಡ ನಾಡು ಒಂದಾದ ಮರುವರ್ಷದ ಹತ್ತಿ ಸುಗ್ಗಿ. ಚಿಕ್ಕನರಗುಂದದಿಂದ ರೈತ ಫಕೀರಪ್ಪನ ಹತ್ತಿ ಹೇರಿದ ಚಕ್ಕಡಿಯ ಜೊತೆ ನಾನೂ ಮಾಸ್ತರರೂ ಬರುತ್ತಿದ್ದೆವು. ನಾನು ಹತ್ತಿಯ ಮೇಲೆ ಒರಗಿದ್ದೆ. ಎತ್ತಿಗೆ ಭಾರವಾದೀತೆಂದು ಮಾಸ್ತರರು ನಡೆಯುತ್ತಿದ್ದರು. ನಾನು ಸಿಗರೇಟು ತೆಗೆದಾಗ, "ಹತ್ತಿ ಮ್ಯಾಲ ಬ್ಯಾಡ್ರಿ" ಎಂದರು. ಗಾಳಿ ಬೀಸುವ ದಿಕ್ಕಿನ ಬಗ್ಗೆ ಅವರಿಗೊಂದು ಪಾಠ ಹೇಳಿ ಹಚ್ಚಿದೆ. ತುಂಡನ್ನು ದಾರಿಗೆ ಎಸೆದೆ. ದಾರಿಗೇ ಎಸೆದೆನೆಂದು ನಂಬಿದ್ದೆ.

ಬೆನ್ನು ಬಿಸಿಯಾದಾಗ ಹಾರಿದೆ. ಓಟ ನಿಂತಾಗ ಜೋಳದ ಹೊಲದ ನಡುವೆ ಇದ್ದೆ. ನೊಗಕ್ಕೆ ಕಟ್ಟಿದ್ದ ಎತ್ತುಗಳು ಉರಿಯುವ ಚಕ್ಕಡಿಯನ್ನು ಎಳೆದುಕೊಂಡು ಓಡುತ್ತಿದ್ದವು. ಫಕೀರಪ್ಪ ನೊಗಕ್ಕೆ ಜೋತುಬಿದ್ದಿದ್ದ. ಮಾಸ್ತರರು ಎದುರಿಗೇ ನುಗ್ಗಿ ಮೂಗುದಾರ ಹಿಡಿದರು. ತಲೆಯ ಮೇಲೆ ಉರಿಯುವ ಹತ್ತಿ ಉದುರುತ್ತಿದ್ದರೂ ಕೊರಳ ಹಗ್ಗಗಳನ್ನು ಒಂದೊಂದಾಗಿ ಬಿಚ್ಚಿದರು. ಎತ್ತುಗಳು ಉಳಿದವು. ಫಕೀರಪ್ಪ ಉಳಿದ. ಈ ನೋಟ ದಿನಕ್ಕೆ ಹತ್ತು ಸಲ ಕಣ್ಣೆದುರು ಬರುತ್ತದೆ. ಪ್ರತಿ ಸಲವೂ ನಾನು ಜೋಳದಲ್ಲೇ ಇರುತ್ತೇನೆ.

ಹೊಲಗಳಿಂದ ಜನ ಓಡಿಬಂದರು. "ಬೆಂಕಿ ಹಚ್ಚಿದಾಂವ ಯಾವಾಂವಲೇ?" ದಾರಿಯಲ್ಲಿ ಬಿದ್ದಿದ್ದ ಮಾಸ್ತರರ ಕೈಚೀಲದಲ್ಲಿ, ಕಂದೀಲಿಗೆಂದು ಕೊಂಡ ಕಡ್ಡಿಪೆಟ್ಟಿಗೆ ಸಿಕ್ಕಿತು. ಒಬ್ಬ ಅವರ ಮೇಲೆ ಬಾರಕೋಲು ಎತ್ತಿದ.

ಮಾಸ್ತರರು ಜೋಳದ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. "ಮೊದಲ ಎತ್ತಿಗೆ ನೀರ ಕುಡಸ್ರಪಾ," ಎಂದರು, "ಆಮ್ಯಾಲ ಬಡೀರಂತ."

ಸುಟ್ಟ ಹುಬ್ಬು, ಮಸಿ ಬಡಿದ ಕೆನ್ನೆ. ಸಂಜೆಗಟ್ಟಲೆ ಮಹಿಮೆ ತೋರಿಸಿರೆಂದು ಪೀಡಿಸಿದ್ದೆನಲ್ಲ, ಅದು ಅಲ್ಲಿ ನಿಂತಿತ್ತು.

"ನಾ ಹಚ್ಚಿದ್ದು! ನಂದ ಸಿಗರೇಟು!" ಎಂದು ಕೂಗುತ್ತ ಜೋಳದಿಂದ ಹೊರಗೆ ಬಂದೆ. ಜೀವಮಾನದಲ್ಲಿ ನಾನು ಮಾಡಿದ ಒಳ್ಳೆಯ ಭಾಷಣ ಅದೊಂದೇ. ಬಾರಕೋಲು ನನ್ನತ್ತ ತಿರುಗಿತು. ಮಾಸ್ತರರು ನಡುವೆ ಬಂದರು. ಎತ್ತಿನ ಕೊರಳು ತಬ್ಬಿಕೊಂಡೇ ಫಕೀರಪ್ಪ ಕೇಳಿದ: "ಹತ್ತಿಗೆ ಬೆಂಕಿ ಹತ್ತತೈತಿ ಅಂತ ಧಾರವಾಡದಾಗ ಕಲಸಲಿಲ್ಲೇನ್ರೀ ಸಾಹೇಬ್ರ?" ಯಾರೋ ನಕ್ಕರು. ಬಾರಕೋಲು ಕೆಳಗಿಳಿಯಿತು. ಸುಗ್ಗಿ ಮುಗಿಯುವವರೆಗೆ ನಾನು ಫಕೀರಪ್ಪನ ಹೊಲದಲ್ಲಿ ಹತ್ತಿ ಬಿಡಿಸಿದೆ. ಅಷ್ಟು ಹಗುರಾಗಿ ಎಂದೂ ದುಡಿದಿರಲಿಲ್ಲ.

ಮಾಸ್ತರರ ಸುಟ್ಟ ಅಂಗೈ ಮಾಯುವ ತನಕ ಗಾಜು ತಿಕ್ಕುವ ಕೆಲಸವೂ ನನ್ನದೇ. "ಇಲ್ಲೊಂದು ಕಲೆ ಉಳದೈತ್ರಿ" ಎಂದು ತೋರಿಸುತ್ತಿದ್ದರು. ಉಳಿದೇ ಇರುತ್ತಿತ್ತು. ಮೊದಲ ಸಂಜೆ ಕಡ್ಡಿಪೆಟ್ಟಿಗೆಯನ್ನು ಕಂದೀಲಿನ ಪಕ್ಕ ಇಟ್ಟು ಹಿಂದೆ ಸರಿದೆ.

"ಹಚ್ರಿ. ಬೆಳಕಿಗೇನ ಹೆದರಿಕಿ?"

ಹಚ್ಚಿದೆ. ಕಟ್ಟೆಯೆಲ್ಲ ಬೆಳಗಿತು. ಅಷ್ಟು ತಿಕ್ಕಿದ ಗಾಜು ಮಾತ್ರ ಕಾಣಲೇ ಇಲ್ಲ.