ನನ್ನ ಮಾರು, ಅವನ ಮಾರು

ಕಬಡ್ಡಿ ಪಂದ್ಯದ ಕಾಮೆಂಟರಿ ನಾನೇ ಹೇಳಬೇಕು ಅಂತ ಹಟ ಹಿಡಿದಿದ್ದೆ. ಪಿ.ಟಿ. ಮಾಸ್ತರು ಒಂದು ಷರತ್ತು ಹಾಕಿದರು: ಅಂಕಣದ ಗೆರೆ ನಾನೇ ಹಾಕಬೇಕು, ಮೂಲೆ ಸೊಟ್ಟಗಾದರೆ ಮೈಕ್ ವಾಪಸ್. ಅವರ ಮೂಗಿನ ದನಿಯನ್ನು ಊರ ತುಂಬಾ ಆಡಿ ತೋರಿಸಿದ್ದಕ್ಕೆ ಸಿಕ್ಕ ಪ್ರಸಾದ ಅದು.

ಬೆಳಿಗ್ಗೆಯೇ ಹಾಕಿದೆ. ಎರಡೂ ತೋಳು ಚಾಚಿ ಹಗ್ಗ ಹಿಡಿದರೆ ಒಂದು ಮಾರು. ಮೂಲೆಯಿಂದ ಒಂದು ಗೆರೆಯ ಮೇಲೆ ಮೂರು ಮಾರಿಗೆ ಗೂಟ, ಇನ್ನೊಂದರ ಮೇಲೆ ನಾಲ್ಕಕ್ಕೆ. ಗೂಟದಿಂದ ಗೂಟಕ್ಕೆ ಐದು ಬಂದರೆ ಮೂಲೆ ಲಂಬ. ಒಂಬತ್ತಕ್ಕೆ ಹದಿನಾರು ಕೂಡಿಸಿದರೆ ಇಪ್ಪತ್ತೈದು, ಐದನ್ನು ಐದರಿಂದ ಗುಣಿಸಿದರೂ ಅಷ್ಟೇ. ಶಾಲೆಯಲ್ಲಿ ನನ್ನ ತಲೆಯೊಳಗೆ ಉಳಿದದ್ದು ಇದೊಂದೇ. ಐದು ಬಂತು. ಸುಣ್ಣದ ಪುಡಿ ಸುರಿದು, ಮೈಕ್ ಹಿಡಿದು ಮೆರೆದೆ.

ಮಧ್ಯಾಹ್ನ ಗುಡಗೇರಿ ತಂಡ ಬಂತು. ಅವರ ನಾಯಕ ಟಂಟಂ ಆಟೋದಿಂದ ಮೂರು ಮಡಿಕೆಯಾಗಿ ಇಳಿದ, ಅಷ್ಟು ಉದ್ದ.

"ಈ ಮೂಲಿ ಸೊಟ್ಟ ಕಾಣ್ತೈತ್ರಿ ಸರ" ಅಂದ. ಮೂರು, ನಾಲ್ಕು, ಐದರ ನನ್ನ ಲೆಕ್ಕ ಹೇಳಿದೆ. ಅವನು ಗೂಟಗಳ ನಡುವೆ ಹಗ್ಗ ಬಿಗಿದು, ತೋಳು ಚಾಚಿ ಅಳೆದ. "ನಾಲ್ಕು ಮಾರು, ಮ್ಯಾಲ ಒಂದೀಟು. ಐದು ಎಲ್ಲೈತ್ರಿ?"

ನನ್ನ ಗೆಳೆಯನೊಬ್ಬ ಕೈಯನ್ನೇ ಮೈಕ್ ಮಾಡಿಕೊಂಡು, ಥೇಟ್ ನನ್ನಂಗೆ ಚೀರಿದ: "ಪ್ರೇಕ್ಷಕ ಬಾಂಧವರೇ, ನಮ್ಮ ಅಂಕಣ ಅಳ್ನಾವರದ ಕಡಿ ವಾಲೈತ್ರಿ."

ಎಲ್ಲರೂ ನಕ್ಕರು. ಊರನ್ನೆಲ್ಲ ಅಣಕಿಸಿದವನು ನಾನು. ನನ್ನದೇ ಅಣಕವನ್ನು ನಾನು ಕೇಳಿದ್ದು ಅವತ್ತೇ ಮೊದಲು. ಚಲೋನೇ ಮಾಡಿದ ಹಲ್ಕಟ್.

ಮಾಸ್ತರು ಕೈ ಒಡ್ಡಿದರು. "ತಾ ಇಲ್ಲೆ ಮೈಕ್."

ಮೈಕ್ ಕೊಡಲು ಕೈ ಚಾಚಿದೆ. ಬಾಜುವಿನಲ್ಲಿ ನಾಯಕನೂ ಹಗ್ಗ ಕೊಡಲು ಕೈ ಚಾಚಿದ. ನನ್ನ ಬೆರಳ ತುದಿ ಅವನ ಮಣಿಕಟ್ಟಿಗೆ ಮುಗಿದಿತ್ತು.

"ತಡೀರಿ ಸರ. ಮೂರು, ನಾಲ್ಕು ಅಳದದ್ದು ನನ್ನ ಮಾರಿನಾಗ್ರಿ. ಐದು ಮಾತ್ರ ಇವರ ಮಾರಿನಾಗ ಅಳದ್ರ ಹೆಂಗ ಕೂಡತೈತ್ರಿ?"

ಮಾಸ್ತರು ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, ನಾಯಕನಿಗೆ ಅಂದರು, "ಹಂಗಾದ್ರ ಮೂರೂ ನೀನ ಅಳದು ನೋಡಪ್ಪಾ."

ಅವನು ತನ್ನ ಮಾರಿನಲ್ಲಿ ಮೂರಕ್ಕೊಂದು, ನಾಲ್ಕಕ್ಕೊಂದು ಹೊಸ ಗೂಟ ಹೊಡೆದ. ಗೂಟದಿಂದ ಗೂಟಕ್ಕೆ ಹಗ್ಗ ಎಳೆದು ಎಣಿಸತೊಡಗಿದ. ನಾಲ್ಕರ ತನಕ ನಾನೂ ಜೊತೆಗೆ ಎಣಿಸಿದೆ.

"ಐದು" ಅಂದ. "ಬರೋಬ್ಬರಿ ಐತ್ರಿ ಸರ. ಇವನ ಕೈ ಅಷ್ಟ ಸಣ್ಣವು."

ಜನ್ಮದಲ್ಲಿ ಮೊದಲ ಸಲ ನನ್ನ ಕುಳ್ಳತನದ ಮಾತು ಕಿವಿಗೆ ಹಿತವಾಯಿತು. ಸುಣ್ಣದ ಚೀಲದ ಮೇಲೆ ಕೂತುಬಿಟ್ಟೆ.

"ಏಳಲೇ, ಶುರು ಮಾಡು" ಅಂದರು ಮಾಸ್ತರು. "ನನ್ನ ದನಿ ಬ್ಯಾಡ. ನಿನ್ನ ದನಿಯಾಗ."

ನನ್ನ ದನಿ ಯಾವುದು ಅನ್ನುವುದೇ ಹೊಳೆಯಲಿಲ್ಲ. ಗೆಳೆಯ ಈಗಷ್ಟೇ ಮಾಡಿ ತೋರಿಸಿದ್ದನಲ್ಲ, ಅದನ್ನೇ ಮಾಡಿದೆ.