ಆರ್ಡಿತ್ ಕ್ವಾಮಿಯ ರಿವಾಲ್ವರಿನಲ್ಲಿದ್ದ ಮಸಿ

ಕೌಂಟರಿನ ಹಿಂದೆ ನಿಂತ ಮೂರನೆಯ ದಿನವೇ ಕಾರ್ಬಿನ್ ಸ್ಟಾಡ್ಲರ್ ಗಿರಾಕಿಯೊಬ್ಬನಿಗೆ ದಶಾಂಶದ ಪಾಠ ಮಾಡಿದ. ಗಿರಾಕಿ ಕೇಳಿದ್ದು ಇಷ್ಟೇ: ಮನೆಯಲ್ಲೂ ಇರಬೇಕು, ಕರಡಿಯಿರುವ ಕಾಡಿಗೆ ಹೋಗುವಾಗ ಸೊಂಟದಲ್ಲೂ ಇರಬೇಕು, ಹಾಗಿದ್ದರೆ ಪಾಯಿಂಟ್ ಮೂರು ಐದು ಏಳರ ರಿವಾಲ್ವರ್ ವಾಸಿಯೋ, ಪಾಯಿಂಟ್ ಮೂರು ಎಂಟರದ್ದು ವಾಸಿಯೋ? ಕಾರ್ಬಿನ್ ಎರಡು ವರ್ಷ ಕಾಲೇಜಿನಲ್ಲಿ ಗಣಿತ ಓದಿದವನು. ಮೂರನೆಯ ವರ್ಷ ಗಣಿತವೇ ಅವನನ್ನು ಮನೆಗೆ ಕಳಿಸಿತ್ತು. ಆದರೂ ಇಷ್ಟು ಮರೆತಿರಲಿಲ್ಲ.

"ಪಾಯಿಂಟ್ ಮೂರು ಎಂಟು ಅಂದ್ರೆ ಮುನ್ನೂರ ಎಂಬತ್ತು ಇದ್ದಹಾಗೆ ಸಾರ್. ಮುನ್ನೂರ ಐವತ್ತೇಳಕ್ಕಿಂತ ದೊಡ್ಡದು. ಕರಡಿ ವಿಷ್ಯದಲ್ಲಿ ಯಾಕೆ ಜಿಪುಣತನ? ದೊಡ್ಡದೇ ತಗೊಳ್ಳಿ," ಅಂದ. ತಾನು ಈ ಕೆಲಸಕ್ಕೆಂದೇ ಹುಟ್ಟಿದವನಿರಬೇಕು ಅಂತಲೂ ಅಂದುಕೊಂಡ.

ಕೋಳಿ ಮೇವಿನ ಮೂಟೆಗಳ ಹಿಂದಿನಿಂದ ಯಾರೋ ಮೂಗಿನಲ್ಲಿ ನಕ್ಕರು.

"ಯಾರಪ್ಪಾ ಇದು, ಕರಡಿಗೆ ಟ್ಯೂಷನ್ ಕೊಡೋಕೆ ಬಂದಿರೋದು?"

ಗಂಡಸರ ಚೌಕಳಿ ಅಂಗಿ ತೊಟ್ಟ, ಎಪ್ಪತ್ತೊಂದು ವರ್ಷದ ಎತ್ತರದ ಮುದುಕಿ ಮುಂದೆ ಬಂದಳು. ಕೌಂಟರಿನ ಮೇಲಿದ್ದ ಎರಡು ಪೆಟ್ಟಿಗೆಗಳಿಂದ ಒಂದೊಂದು ಹಿತ್ತಾಳೆ ತೋಟಾ ತೆಗೆದು, ಗಾಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿದಳು.

"ನೋಡು ಮಗಾ. ಗುಂಡಿನ ದಪ್ಪ ಎರಡಕ್ಕೂ ಒಂದೇ. ಹೆಸರಿಟ್ಟವರು ತಪ್ಪಾಗಿಟ್ರು, ಅದಕ್ಕೆ ಕರಡಿ ಏನ್ ಮಾಡತ್ತೆ? ನೀನು ಮುನ್ನೂರ ಎಂಬತ್ತು ಅಂದ್ಯಲ್ಲ, ಆ ಮೂವತ್ತೆಂಟು ಇದು, ಗಿಡ್ಡ. ಐವತ್ತೇಳು ಇದು, ಉದ್ದ, ಮದ್ದಿನ ಜೋರು ಇದಕ್ಕೇ ಜಾಸ್ತಿ. ಗಿಡ್ಡದ್ದು ಉದ್ದದ್ದರ ರಿವಾಲ್ವರಲ್ಲಿ ಕೂರತ್ತೆ. ಉದ್ದದ್ದು ಗಿಡ್ಡದ್ದರಲ್ಲಿ ಕೂರಲ್ಲ. ಇನ್ನೇನಾದ್ರೂ ಡೌಟ್ ಇದ್ಯಾ ಮೇಷ್ಟ್ರೇ?"

ಗಿರಾಕಿ ಉದ್ದದ್ದನ್ನೇ ಕೊಂಡ. ಕಾರ್ಬಿನ್‌ಗೆ ಅವತ್ತಿನಿಂದ ಊರೆಲ್ಲ ಮೇಷ್ಟ್ರು ಅಂತಲೇ ಹೆಸರಾಯಿತು. ಮೊಂಟಾನಾದ ಆ ಮೂಲೆಯಲ್ಲಿ ಊರು ಅಂದರೆ ಆರುನೂರು ಜನ, ಒಂದು ಪೆಟ್ರೋಲ್ ಬಂಕು, ಎರಡು ಬಾರು, ಮೊಳೆಯಿಂದ ಮೀನಿನ ಗಾಳದವರೆಗೆ ಎಲ್ಲ ಸಿಗುವ ಹಾರ್ಲನ್‌ನ ಈ ಅಂಗಡಿ. ಹೆಸರು ಹರಡಲು ಊಟದ ಹೊತ್ತಿನವರೆಗೂ ಕಾಯಬೇಕಾಗಿರಲಿಲ್ಲ.

ಆ ಮುದುಕಿಯೇ ಆರ್ಡಿತ್ ಕ್ವಾಮಿ, ಅಂಗಡಿಯ ಯಜಮಾನ ಹಾರ್ಲನ್‌ನ ಅಕ್ಕ. ಮೂವತ್ತೊಂದು ವರ್ಷ ಮರದ ಮಿಲ್ಲಿನಲ್ಲಿ ಹಲಗೆ ವಿಂಗಡಿಸಿದವಳು. ಬೆಲ್ಟಿನ ಮೇಲೆ ಬರುವ ಹಸಿ ಹಲಗೆಯನ್ನು ಬಲಗೈಯಿಂದ ಮಗುಚಿ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮತ್ತೆ ಮಗುಚುವುದು. ಪಾಳಿಗೆ ಸಾವಿರಾರು ಸಲ. ಮಿಲ್ಲು ಮುಚ್ಚಿದ ವರ್ಷವೇ ಗಂಡ ಲಾಯ್ಡ್ ಕೆಲಸ ಹುಡುಕಿಕೊಂಡು ನೆವಾಡಾಕ್ಕೆ ಹೋದ. ಕೆಲಸವೂ ಸಿಕ್ಕಿತು, ಇನ್ನೊಬ್ಬಳೂ ಸಿಕ್ಕಿದಳು. ಅವಸರದಲ್ಲಿ ರಿವಾಲ್ವರ್ ಮರೆತುಹೋಗಿದ್ದ. "ಕಳಿಸು ಅಂತ ಫೋನ್ ಮಾಡಿದ್ದ," ಅನ್ನುತ್ತಿದ್ದಳು ಆರ್ಡಿತ್. "ಬಂದು ತಗೊಂಡೋಗು, ತುಂಬಿಸಿಟ್ಟಿರ್ತೀನಿ ಅಂದೆ. ಆಮೇಲೆ ಫೋನೇ ಬರ್ಲಿಲ್ಲ."

ಅಂದಿನಿಂದ ಆಕೆಗೆ ಬೇಸಿಗೆ ಅಂದರೆ ಹಕಲ್‌ಬೆರಿ ಹಣ್ಣು. ಹೊಲದಲ್ಲಿ ಬೆಳೆಯದ, ಬೆಟ್ಟದ ಮೇಲೆ ತನಗೆ ತೋಚಿದಲ್ಲಿ ಹುಟ್ಟುವ ನೇರಳೆ ಬಣ್ಣದ ಹಣ್ಣು. ಎಲ್ಲಿ ಸಿಗುತ್ತದೆ ಅಂತ ಆ ಸೀಮೆಯಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ, ಚರ್ಚಿನಲ್ಲಿ ಕೇಳಿದರೂ ಸುಳ್ಳೇ ಹೇಳುತ್ತಾರೆ. ಆರ್ಡಿತಳ ಜಾಗ ಗೊತ್ತಿದ್ದದ್ದು ಹಾರ್ಲನ್‌ಗೆ ಮಾತ್ರ. ಆಕೆಯ ಪಿಕಪ್ಪಿನ ಅಚ್ಚು ಮುರಿದು ಎಂಟು ವರ್ಷವಾಗಿ ಈಗ ಅದರಲ್ಲಿ ಕೋಳಿಗಳು ಸಂಸಾರ ಹೂಡಿದ್ದರಿಂದ, ಬೆಳಿಗ್ಗೆ ಅರಣ್ಯದ ಗೇಟಿನವರೆಗೆ ಬಿಡುವವನೂ ಸಂಜೆ ಕರೆತರುವವನೂ ಅವನೇ. ನಡುವಿನ ಹೊತ್ತೆಲ್ಲ ಆಕೆ ಒಬ್ಬಳೇ. ಆ ಒಂಟಿತನಕ್ಕೆಂದೇ ಆಕೆ ಹನ್ನೊಂದು ತಿಂಗಳು ಕಾಯುತ್ತಾಳೇನೋ ಅಂತ ಕಾರ್ಬಿನ್‌ಗೆ ಅನ್ನಿಸುತ್ತಿತ್ತು. ಜುಲೈ ಹತ್ತಿರವಾದಂತೆ ಆಕೆಯ ಬೈಗುಳದಲ್ಲೂ ಒಂದು ಗೆಲುವು ಬರುತ್ತಿತ್ತು.

ಆದರೆ ಅದೇ ಹಣ್ಣು ಗ್ರಿಜ್ಲಿ ಕರಡಿಗೂ ಬೇಕು. ಆರು ವರ್ಷದ ಕೆಳಗೆ ಪಕ್ಕದ ಕಣಿವೆಯಲ್ಲಿ ಹಣ್ಣು ಕೀಳಲು ಹೋದವನೊಬ್ಬನನ್ನು ಎರಡು ದಿನ ಹುಡುಕಿದವರಲ್ಲಿ ಹಾರ್ಲನ್ ಕೂಡ ಇದ್ದ. ಸಿಕ್ಕಿದ್ದು ಏನು ಅಂತ ಅವನು ಯಾರಿಗೂ ಹೇಳಲಿಲ್ಲ. ಅಕ್ಕನಿಗೆ ಮಾತ್ರ ಒಂದು ಷರತ್ತು ಹಾಕಿದ: "ಎದೆ ಮೇಲೆ ಕರಡಿ ಓಡಿಸೋ ಖಾರದ ಸ್ಪ್ರೇ ಡಬ್ಬಿ ಇರ್ಬೇಕು, ಸೊಂಟದಲ್ಲಿ ಉದ್ದದ್ದು ಇರ್ಬೇಕು. ಉದ್ದದ್ದು ಹೊಡೆಯೋಕೆ ಕೈಲಾಗದ ದಿನ ನನ್ನ ಗಾಡಿ ಗೇಟಿಗೆ ಬರಲ್ಲ ಆರ್ಡಿ."

"ಅವತ್ತು ನಾನೇ ಹೇಳ್ತೀನಿ ಬಿಡೋ," ಅಂದಿದ್ದಳಂತೆ ಆರ್ಡಿತ್.

ಹಾಗಾಗಿ ಪ್ರತಿ ಜುಲೈನ ಮೊದಲ ವಾರ ಆಕೆ ಅಂಗಡಿ ತುಂಬಿರುವ ಹೊತ್ತು ನೋಡಿ ಬಂದು, "ಒಂದು ಪೆಟ್ಟಿಗೆ ಉದ್ದದ್ದು, ಗಟ್ಟಿ ಸೀಸದ್ದು!" ಅಂತ ಕೂಗಿ ಕೇಳುತ್ತಿದ್ದಳು. ಯಾರಾದರೂ ಗಿಡ್ಡದ್ದನ್ನು ಕೈಯಲ್ಲಿ ಹಿಡಿದಿದ್ದರೋ, ಮುಗಿಯಿತು. "ಕರಡಿಗೆ ಕಚಗುಳಿ ಇಡೋಕಾ?" ಅನ್ನುವಳು. ಆರಡಿ ಎತ್ತರದ, ಗಡ್ಡ ಬಿಟ್ಟ ಮರ ಕಡಿಯುವವರು ಕೂಡ ಗಿಡ್ಡದ್ದನ್ನು ಮೆಲ್ಲಗೆ ಶೆಲ್ಫಿಗೆ ವಾಪಸಿಡುವುದನ್ನು ಕಾರ್ಬಿನ್ ನೋಡಿದ್ದ.

ಕಾರ್ಬಿನ್ ಕೆಲಸಕ್ಕೆ ಸೇರಿದ ಮೂರನೆಯ ಬೇಸಿಗೆ, ಜೂನ್ ಕೊನೆಯಲ್ಲಿ, ಹಾರ್ಲನ್ ಊರಲ್ಲಿಲ್ಲದ ದಿನ ನೋಡಿಕೊಂಡು, ಆಕೆ ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿ ತಂದಳು. "ಮಳೇಲಿ ನೆನೆದಿದೆ ಮೇಷ್ಟ್ರೇ. ತಿರುಗೋದು ಬಿಗಿಯಾಗಿದೆ. ಸ್ವಲ್ಪ ಎಣ್ಣೆ ಬಿಡು, ಸಾಕು. ಬೇರೇನೂ ಮಾಡ್ಬೇಡ."

ಬೇರೇನೂ ಮಾಡಬೇಡ ಅಂದರೆ ಅದನ್ನೇ ಮಾಡುವುದು ಕಾರ್ಬಿನ್‌ನ ಹುಟ್ಟುಗುಣ. ಕಾಲೇಜಿನಿಂದ ಹೊರಬಿದ್ದದ್ದಕ್ಕೆ ಅದೂ ಒಂದು ಕಾರಣ. ಹಿಂದಿನ ಕೋಣೆಯಲ್ಲಿ ಎಣ್ಣೆ ಬಿಟ್ಟು, ಒರೆಸಿ, ಪರೀಕ್ಷೆ ಮಾಡೋಣ ಅಂತ ಮದ್ದಿಲ್ಲದ ಒಂದು ಉದ್ದನೆಯ ತೋಟಾ ಹಾಕಿ ನೋಡಿದ. ಅದು ಪೂರ್ತಿ ಒಳಗೆ ಇಳಿಯಲಿಲ್ಲ. ಅಕ್ಕಿಕಾಳಿನಷ್ಟು ಹೊರಗೇ ನಿಂತಿತು. ತೋಟಾ ಕೂರುವ ಎರಡನೆಯ ಗೂಡಿನಲ್ಲೂ ಅಷ್ಟೇ, ಆರನೆಯದರಲ್ಲೂ ಅಷ್ಟೇ. ಮುದುಕಿಯ ರಿವಾಲ್ವರ್ ಕೆಡಿಸಿಬಿಟ್ಟೆ ಅಂದುಕೊಂಡ. ಬ್ಯಾಟರಿ ಬಿಟ್ಟು ನೋಡಿದರೆ ಪ್ರತಿ ಗೂಡಿನ ಒಳಗೂ, ಗಿಡ್ಡ ತೋಟಾ ಮುಗಿಯುವ ಜಾಗದಲ್ಲಿ ಸರಿಯಾಗಿ, ಕರಿ ಮಸಿ ಉಂಗುರದಂತೆ ಗಟ್ಟಿ ಕಟ್ಟಿತ್ತು.

ಉದ್ದದ್ದರ ರಿವಾಲ್ವರಿನಲ್ಲಿ ಬರೀ ಗಿಡ್ಡದ್ದನ್ನೇ ಹೊಡೆಯುತ್ತ ಹೋದರೆ ಆ ಗಿಡ್ಡ ತೋಟಾದ ಬಾಯಿಯ ಮುಂದೆ ಮಸಿ ಕೂರುತ್ತದೆ. ಉದ್ದದ್ದನ್ನು ನಡುನಡುವೆ ಹಾಕುವವರು ಆ ಮಸಿಯನ್ನು ಇಷ್ಟಾಗಲು ಬಿಡುವುದಿಲ್ಲ. ಇಷ್ಟು ಗಟ್ಟಿಯಾಗಲು ಒಂದು ಬೇಸಿಗೆ ಸಾಲದು. ಎಷ್ಟೋ ವರ್ಷ ಬೇಕು. ಅಷ್ಟೂ ವರ್ಷ ಇದರಲ್ಲಿ ಒಂದೇ ಒಂದು ಉದ್ದದ್ದು ಕೂತಿಲ್ಲ. ಆಕೆ ಖಾಲಿ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬಿಕೊಳ್ಳುವವಳು, ಜುಲೈನಲ್ಲಿ ಕೂಗಿ ಕೊಳ್ಳುವ ಆ ಒಂದು ಪೆಟ್ಟಿಗೆ ಬಿಟ್ಟರೆ ಅಂಗಡಿಯಿಂದ ಒಯ್ಯುತ್ತಿದ್ದದ್ದು ಮದ್ದು ಮತ್ತು ಸೀಸ. ಆ ಪೆಟ್ಟಿಗೆ ಬರೀ ತೋರಿಕೆಗೆ ಇರಬೇಕು. ನೆಲಮಾಳಿಗೆಯಲ್ಲಿ ಕೂತು ಯಾವುದಕ್ಕೆ ತುಂಬುತ್ತಾಳೆ ಅಂತ ಯಾರು ನೋಡಿದ್ದಾರೆ?

ಕಾರ್ಬಿನ್ ಹಿತ್ತಾಳೆ ಬ್ರಷ್ಷಿನಲ್ಲಿ ಎರಡು ಗಂಟೆ ಉಜ್ಜಿದ. ಮರುದಿನ ಆಕೆ ಬಂದಾಗ ನೆಲ ನೋಡಿಕೊಂಡು ಹೇಳಿದ: "ಮಿಸೆಸ್ ಕ್ವಾಮಿ, ಒಳಗೆ ಸ್ವಲ್ಪ ಮಸಿ ಇತ್ತು. ತೆಗ್ದಿದೀನಿ. ಈಗ ಉದ್ದದ್ದೂ ಕೂರತ್ತೆ."

ಆಕೆ ಅವನ ಮುಖವನ್ನೇ ನೋಡಿದಳು, ಹಲಗೆಯಲ್ಲಿ ಬಿರುಕು ಹುಡುಕುವವಳ ಹಾಗೆ.

"ಹಾರ್ಲನ್ ನೋಡಿದ್ನಾ?"

"ಇಲ್ಲ."

"ಹೆಬ್ಬೆರಳಿನ ಬುಡ ಸವೆದುಹೋಗಿದೆ ಮಗಾ. ಗಿಡ್ಡದ್ದಾದ್ರೆ ಐದಕ್ಕೆ ಐದೂ ತಟ್ಟೆ ಅಗಲದಲ್ಲಿ ಬೀಳಿಸ್ತೀನಿ. ಉದ್ದದ್ದು ಹೊಡೆದ್ರೆ ಒಂದಕ್ಕೇ ಕೈ ಮುಗಿದುಹೋಗತ್ತೆ, ಎರಡನೇದು ಎಲ್ಲಿಗೆ ಹೋಗತ್ತೋ ದೇವರಿಗೇ ಗೊತ್ತು. ಅವನಿಗೆ ಇದು ತಿಳಿದ್ರೆ ನನ್ನ ಬೆಟ್ಟ ಹೋಯ್ತು."

"ನಾನು ಹೇಳಲ್ಲ."

ಮರುದಿನ ಕೌಂಟರಿನ ಮೇಲೆ ಅವನ ಹೆಸರಿಗೆ ಒಂದು ಹಕಲ್‌ಬೆರಿ ಪೈ ಬಂದು ಕೂತಿತ್ತು, ಹೋದ ವರ್ಷದ ಹಣ್ಣಿನದು. ಲಂಚ ಅಂತ ಗೊತ್ತಿದ್ದೂ ಕಾರ್ಬಿನ್ ನಿಂತಲ್ಲೇ ಮುಕ್ಕಾಲು ಪಾಲು ಮುಗಿಸಿದ. ಉಳಿದದ್ದನ್ನು ಮನೆಗೆ ಒಯ್ದು ಮುಗಿಸಿದ.

ಅದಾದ ವಾರಕ್ಕೆ ಪಿಲಾರ್ ಒಂಟಿವೆರೋಸ್ ಬಂದಳು. ಇಪ್ಪತ್ಮೂರರ ಹುಡುಗಿ. ಬೆಟ್ಟದ ಗಿಡಗಳನ್ನು ಎಣಿಸಿ ಬರೆದುಕೊಳ್ಳಲು ಅರಣ್ಯದವರು ಬೇಸಿಗೆಯ ಮಟ್ಟಿಗೆ ಇಟ್ಟುಕೊಂಡಿದ್ದರು. ಆರು ವಾರ ಒಬ್ಬಳೇ ಕಾಡಿನಲ್ಲಿರಬೇಕು. ಸ್ಪ್ರೇ ಡಬ್ಬಿ ಆಗಲೇ ಕೊಂಡಿದ್ದಳು. ರಿವಾಲ್ವರ್ ಕೊಳ್ಳಬೇಕು, ಯಾವುದು ಅಂತ ಕೇಳಿದಳು. ಎರಡನ್ನೂ ಹೊಡೆಸಿ ನೋಡು ಅಂತ ಹಾರ್ಲನ್ ಕಾರ್ಬಿನ್‌ನನ್ನು ಜೊತೆಗೆ ಊರಾಚೆ ಜಲ್ಲಿ ತೆಗೆದ ಗುಂಡಿಗೆ ಕಳಿಸಿದ.

ಗಿಡ್ಡದ್ದರಲ್ಲಿ ಐದಕ್ಕೆ ನಾಲ್ಕು ಹಲಗೆಗೆ ತಾಕಿದವು. ಉದ್ದದ್ದರಲ್ಲಿ ಮೊದಲನೆಯದಕ್ಕೇ ಕೈ ತಲೆಯ ಮೇಲೆ ಹೋಯಿತು. ಎರಡನೆಯದಕ್ಕೆ ರಿವಾಲ್ವರಿನ ಕುದುರೆ ಎಳೆಯುವ ಮುಂಚೆಯೇ ಕಣ್ಣು ಮುಚ್ಚಿಕೊಂಡಳು. ಐದರಲ್ಲಿ ಒಂದೂ ತಾಕಲಿಲ್ಲ. ಹೆಬ್ಬೆರಳಿನ ಸಂದು ಕೆಂಪಗೆ ಊದಿಕೊಂಡಿತು.

"ಗಿಡ್ಡದ್ದೇ ಸಾಕಲ್ಲ," ಅಂದ ಕಾರ್ಬಿನ್.

"ಸಾಕಾಗಲ್ಲ ಬಿಡಿ. ನಿನ್ನೆ ಪೆಟ್ರೋಲ್ ಬಂಕಿನ ಹತ್ರ ಆ ಅಜ್ಜಿ ಹೇಳಿದ್ರು, ಗಿಡ್ಡದ್ದು ಕರಡಿಗೆ ಕಚಗುಳಿ ಇಡತ್ತೆ ಅಂತ. ಅವರಿಗೆ ಎಪ್ಪತ್ತಾದ್ರೂ ಆಗಿಲ್ವಾ? ಅವರ ಕೈಲಾಗೋದು ನನ್ನ ಕೈಲಾಗಲ್ವಾ?"

ಬಾಯ್ತುದಿಗೆ ಬಂದ ಮಾತನ್ನು ಕಾರ್ಬಿನ್ ನುಂಗಿದ. ನುಂಗಿದ್ದು ಮಾತನ್ನೋ ಪೈಯನ್ನೋ ಅಂತ ಅವನಿಗೇ ತಿಳಿಯಲಿಲ್ಲ.

ಇಬ್ಬರೂ ಅಂಗಡಿಗೆ ಮರಳಿದಾಗ ಆರ್ಡಿತ್ ಅಲ್ಲೇ ಇದ್ದಳು. ಆಕೆಗೆ ಮರುದಿನವೇ ಬೆಟ್ಟಕ್ಕೆ ಹೊರಡುವುದಿತ್ತು. ಹಾರ್ಲನ್ ಕಾಫಿ ಬಗ್ಗಿಸಿ ಕೊಟ್ಟು, ಐದು ಗಂಟೆಗೇ ಗಾಡಿ ತರುತ್ತೇನೆ ಅನ್ನುತ್ತಿದ್ದ. ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು. ಉದ್ದದ್ದರ ಹೊಸ ಪೆಟ್ಟಿಗೆ ಆಕೆಯ ಮೊಣಕೈ ಹತ್ತಿರ ಎಲ್ಲರಿಗೂ ಕಾಣುವಂತೆ ಕೂತಿತ್ತು.

"ಏನಮ್ಮಾ, ಹೇಗೆ ಹೊಡೆದೆ?" ಹಾರ್ಲನ್ ಕೇಳಿದ.

"ಉದ್ದದ್ದು ಒಂದೂ ತಾಕಲಿಲ್ಲ. ಆದ್ರೂ ಅದನ್ನೇ ತಗೋತೀನಿ. ಅಭ್ಯಾಸ ಮಾಡ್ಕೋತೀನಿ."

"ಎಷ್ಟು ದಿನ ಇದೆ?"

"ಸೋಮವಾರ ಹೋಗ್ಬೇಕು."

ಆ ದಿನ ಶುಕ್ರವಾರ. ಹಾರ್ಲನ್ ತಲೆ ಕೆರೆದುಕೊಂಡ. ಆಮೇಲೆ ಅಕ್ಕನ ಹೆಗಲು ತಟ್ಟಿ, "ಎಲ್ಲ ಮನಸ್ಸಲ್ಲಿದೆ ಕಣಮ್ಮ. ಈ ವಯಸ್ಸಲ್ಲಿ ಇವಳು ಹೊಡೀತಾಳೆ ಅಂದ್ಮೇಲೆ... ಆರ್ಡಿ, ಹಿಡಿಯೋದು ಹೇಗೆ ಅಂತ ಹುಡುಗಿಗೆ ಸ್ವಲ್ಪ ತೋರ್ಸು," ಅಂದ. ತಾನೇ ಗುರಿಯಿಟ್ಟು ಹೊಡೆದಷ್ಟು ಹೆಮ್ಮೆ ಅವನ ಮುಖದಲ್ಲಿತ್ತು.

"ತೋರ್ಸೋದೇನಿದೆ? ಗಟ್ಟಿಯಾಗಿ ಹಿಡೀಬೇಕು, ಅಷ್ಟೇ," ಅಂದಳು ಆರ್ಡಿತ್. ಧ್ವನಿ ಎಂದಿನಷ್ಟು ದೊಡ್ಡದಿರಲಿಲ್ಲ.

ಪಿಲಾರ್ ಊದಿದ ಕೈಯನ್ನು ಮುಂದೆ ಚಾಚಿದಳು. "ನಿಮಗೂ ಮೊದಮೊದಲು ಹೀಗೇ ಆಗ್ತಿತ್ತಾ?"

ಆರ್ಡಿತ್ ಆ ಕೈ ಹಿಡಿದು ನೋಡಿದಳು. ಚಿಕ್ಕ ಕೈ, ಉಗುರಿನ ಸಂದಿಯಲ್ಲಿ ಮಣ್ಣು. ಆಕೆ ಬೇಗ ಬಿಡಲಿಲ್ಲ. ಕಾರ್ಬಿನ್ ಕೌಂಟರಿನ ಗಾಜನ್ನು ಒರೆಸತೊಡಗಿದ, ಒರೆಸಿದ್ದನ್ನೇ ಮತ್ತೆ ಒರೆಸಿದ.

ಗಿಡಗಳ ಎಲೆಯಂಚು ನೋಡಿ ಹೆಸರು ಹೇಳುವುದು ಪಿಲಾರ್‌ಳ ಕಸುಬು. ಎದುರಿಗಿದ್ದ ಮುದುಕಿ ಕಾಫಿ ಲೋಟವನ್ನು ಎಡಗೈಯಲ್ಲಿ ಎತ್ತುವುದು, ಬಲ ಹೆಬ್ಬೆರಳು ಒಳಕ್ಕೆ ಮಡಚಿಕೊಂಡೇ ಇರುವುದು ಅವಳ ಕಣ್ಣಿಗೆ ಬಿದ್ದಿರಬೇಕು. ಕೊಂಕಿಲ್ಲದೆ, ಗಿಡದ ವಿಷಯ ಕೇಳುವ ಹಾಗೇ ಕೇಳಿದಳು:

"ಅಜ್ಜಿ, ಈ ಕೈಯಿಂದ ನೀವು ಉದ್ದದ್ದನ್ನ ಕೊನೇ ಸಲ ಹೊಡೆದಿದ್ದು ಯಾವಾಗ?"

ಮೇವಿನ ಮೂಟೆಯ ಮೇಲೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಹಾರ್ಲನ್ ನಗುತ್ತಲೇ ಇದ್ದ, ಉತ್ತರ ತನಗೆ ಗೊತ್ತು ಅನ್ನುವವನಂತೆ. ಕಾರ್ಬಿನ್ ಬಾಯಿ ತೆರೆದ; ಏನಾದರೂ ಸುಳ್ಳು ಹೇಳಿ ಆಕೆಯನ್ನು ಉಳಿಸಬೇಕು ಅನ್ನಿಸಿತು. ಅಷ್ಟರಲ್ಲೇ ಆರ್ಡಿತ್ ಹೊಸ ಪೆಟ್ಟಿಗೆಯನ್ನು ಎಡಗೈಯಿಂದ ಕೌಂಟರಿನ ಆಚೆಗೆ, ಅವನ ಕಡೆಗೆ ತಳ್ಳಿದಳು.

"ಹನ್ನೊಂದು ವರ್ಷ ಆಯ್ತು ಕಣೇ, ಕೈಲಾಗಲ್ಲ. ನೀನು ಗಿಡ್ಡದ್ದೇ ತಗೊಂಡು ಹೋಗು. ಹಾರ್ಲನ್, ನಾಳೆ ಗಾಡಿ ತರ್ಬೇಡ."